ಪ್ರಿನ್ಸ್‌ನ ಮೊದಲ ಹಿಟ್ ಹಾಡು: ಎರಡು ಪ್ರತಿಗಳಲ್ಲಿ ಖರೇ ಹಾಡು ಯಾವುದು?

ಗಿಟಾರ್ ಮಾಸ್ತರ (ವಿದ್ಯಾನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಸಂಜೆಯ ಹೊತ್ತು ಮಕ್ಕಳಿಗೆ ಗಿಟಾರ್ ಹೇಳಿಕೊಡುವವನು. ಹೋದ ವಾರ ಹತ್ತನೆಯ ತರಗತಿಯ ಒಬ್ಬ ಹುಡುಗ ಅಮೆರಿಕದ ಫಂಕ್ ಸಂಗೀತಗಾರ ಪ್ರಿನ್ಸ್‌ನ ‘ಐ ವಾನ್ನಾ ಬಿ ಯುವರ್ ಲವರ್’ ಹಾಡಿನ ಎರಡು ಪ್ರತಿಗಳನ್ನು ಫೋನಿನಲ್ಲಿ ತಂದು, “ಸರ್, ಇದರೊಳಗ ಖರೇ ಹಾಡು ಯಾವುದು?” ಎಂದು ಕೇಳಿದ. ಒಂದು ಪ್ರತಿ 2 ನಿಮಿಷ 57 ಸೆಕೆಂಡಿನದು, ಇನ್ನೊಂದು 5 ನಿಮಿಷ 47 ಸೆಕೆಂಡಿನದು. ಚಿಕ್ಕದು 1979ರ ಆಗಸ್ಟ್‌ನಲ್ಲಿ ಸಿಂಗಲ್, ಎಂದರೆ ಬಿಡಿ ಹಾಡಿನ ತಟ್ಟೆ, ಆಗಿ ಹೊರಬಂದು ರೇಡಿಯೋದಲ್ಲಿ ಮೊಳಗಿದ್ದು; ದೊಡ್ಡದು ಅದೇ ಅಕ್ಟೋಬರ್‌ನಲ್ಲಿ ಬಂದ ಆಲ್ಬಮ್ಮಿನಲ್ಲಿರುವುದು. ಚಿಕ್ಕದರಲ್ಲಿ ಹಾಡಿನ ಸಾಹಿತ್ಯ ಮುಗಿಯುತ್ತಲೇ ಎಲ್ಲವೂ ಮುಗಿಯುತ್ತದೆ. ದೊಡ್ಡದರಲ್ಲಿ ಕಂಠ ನಿಂತ ಮೇಲೆ ಹೆಚ್ಚುಕಡಿಮೆ ಮೂರು ನಿಮಿಷ ಬರೀ ವಾದ್ಯಗಳೇ ಒಂದು ಸಣ್ಣ ನುಡಿಯನ್ನು ಸುತ್ತಿ ಸುತ್ತಿ ನುಡಿಸುತ್ತಾ ಹೋಗುತ್ತವೆ.

ಆಗ ಪ್ರಿನ್ಸ್‌ನ ವಯಸ್ಸು 21. ಅದರ ಹಿಂದಿನ ವರ್ಷ ಬಂದ ಅವನ ಮೊಟ್ಟಮೊದಲ ಸಿಂಗಲ್ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ 92ನೆಯ ಸ್ಥಾನದಿಂದ ಮೇಲೇರಿರಲಿಲ್ಲ. ಈ ಹಾಡು ಸೋಲ್ ಸಂಗೀತದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೂ ಮುಖ್ಯ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೂ ಏರಿತು. ಎರಡರಲ್ಲಿಯೂ ಡ್ರಮ್ಸ್, ಬೇಸ್, ಗಿಟಾರ್, ಸಿಂಥಸೈಜರ್, ಕಂಠ ಎಲ್ಲವೂ ಅವನೊಬ್ಬನದೇ. ನನ್ನ ಪ್ರಶ್ನೆ ಎರಡು. ಒಂದೇ ವರ್ಷದಲ್ಲಿ ಬದಲಾದದ್ದೇನು? ಇನ್ನೊಂದು ಪ್ರಶ್ನೆಯನ್ನು ನಮ್ಮ ಊರಿನವರಿಗೇ ಕೇಳಬೇಕೆನಿಸುತ್ತದೆ: ಒಬ್ಬನೇ ಎಲ್ಲವನ್ನೂ ನುಡಿಸಿಕೊಂಡರೆ ಅಲ್ಲಿ ಸಾಥ್, ಎಂದರೆ ಹಾಡುವವನ ಬೆನ್ನಿಗೆ ಇನ್ನೊಬ್ಬರು ನುಡಿಸುವುದು, ಉಳಿಯುತ್ತದೆಯೇ?

ಹಳೆಯ ಪೆಟ್ಟಿಗೆ (ಗದಗ)

ಮಾಸ್ತರರೇ, ನಾನು ನಲವತ್ತು ವರ್ಷ ಹಾರ್ಮೋನಿಯಂ ಸಾಥ್ ಮಾಡಿದವನು. ಮೊಮ್ಮಗಳು ಈ ಹಾಡನ್ನು ಹಚ್ಚಿ ಕೊಟ್ಟಳು. ಎರಡು ಸಲ ಕೇಳಿದೆ. ಹುಡುಗನ ಕೈ ಶುದ್ಧವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸಾಥ್ ಎಂದು ಇದನ್ನು ನಾನು ಕರೆಯಲಾರೆ. ಗಾಯಕರು ಮುಂದಿನ ಸ್ವರ ಎಲ್ಲಿಗೆ ಒಯ್ಯುತ್ತಾರೋ ಗೊತ್ತಿಲ್ಲದೆ ಅರ್ಧ ಹೆಜ್ಜೆ ಹಿಂದೆ ಹೋಗುವುದರಲ್ಲಿಯೇ ಸಾಥಿದಾರನ ಕಸುಬು ಇದೆ. ತಾನೇ ಹಾಡಿ, ತಾನೇ ಹಿಂದೆ ಹೋಗುವವನಿಗೆ ಮುಂದಿನದು ಮೊದಲೇ ಗೊತ್ತಿರುತ್ತದೆ. ಅವನಿಗೆ ಅಂಜಿಕೆಯೂ ಇಲ್ಲ, ಅಚ್ಚರಿಯೂ ಇಲ್ಲ.

ಒಬ್ಬರಿಗೇ ಹಲವು ವಾದ್ಯಗಳು ಒಲಿಯುವುದು ನಮಗೆ ಹೊಸದಲ್ಲ. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಹಾಡುತ್ತಿದ್ದರು, ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ನುಡಿಸುತ್ತಿದ್ದರು, ಕಲಿಸುತ್ತಲೂ ಇದ್ದರು. ಆದರೆ ಅಜ್ಜನವರು ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ತಾವೇ ನುಡಿಸಬೇಕೆಂದು ಹೊರಡಲಿಲ್ಲ.

ತಿರಕಿಟ (ಸಪ್ತಾಪುರ, ಧಾರವಾಡ)

ಅಜ್ಜಾವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಲಯದ ಬಗ್ಗೆ ಹೇಳಬೇಕು, ಏಕೆಂದರೆ ಫಂಕ್ ಎಂದರೆ ಏನೆಂದು ತಿಳಿಯದೆ ಉಳಿದದ್ದು ತಿಳಿಯುವುದಿಲ್ಲ. ನಾನು ತಬಲಾ ವಿದ್ಯಾರ್ಥಿ.

ಫಂಕ್‌ನ ಮೂಲಪುರುಷ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್. 1960ರ ದಶಕದ ನಡುವಿನಿಂದ ಅವನು ತನ್ನ ವಾದ್ಯಗಾರರೆಲ್ಲರೂ ಪ್ರತಿ ಆವರ್ತನದ ಮೊದಲ ಪೆಟ್ಟಿನ ಮೇಲೆ ತೂಕ ಹಾಕಬೇಕೆಂದು ಹಟ ಹಿಡಿದ. ಅವರ ಭಾಷೆಯಲ್ಲಿ ಅದು ‘ದ ವನ್’, ಒಂದು. ನಾವು ಸಮ್ ಎನ್ನುವ ಜಾಗ. ನಾಲ್ಕು ಪೆಟ್ಟುಗಳ ಆವರ್ತನವನ್ನು ಅವರು ನಾಲ್ಕು ನಾಲ್ಕಾಗಿ ಒಡೆದು ಹದಿನಾರು ಮಾಡುತ್ತಾರೆ. ಗಿಟಾರಿನ ಆ ‘ಚಿಕ್ಕ ಚಿಕ್ಕ’ ಸದ್ದು ಆ ಹದಿನಾರರ ಎಣಿಕೆ. ನಮ್ಮ ತೀನ್‌ತಾಲಕ್ಕೂ ಹದಿನಾರು ಮಾತ್ರೆ. ಮೊದಲ ಸಲ ಇದನ್ನು ಕಂಡಾಗ ನಾನು ಬಹಳ ಹಿಗ್ಗಿದ್ದೆ. ಆಮೇಲೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ಕಂಡಿತು. ನಮ್ಮಲ್ಲಿ ಸಮ್ ಎಂದರೆ ತಲುಪುವ ಜಾಗ. ಸುತ್ತಾಡಿ, ತಪ್ಪಿಸಿಕೊಂಡು, ಒಂದೇ ತುಣುಕನ್ನು ಮೂರು ಸಲ ನುಡಿಸುವ ತಿಹಾಯಿ ಹೊಡೆದು ಅಲ್ಲಿಗೆ ಬಂದಾಗ ಸಭೆ ತಲೆದೂಗುತ್ತದೆ. ಅವರ ‘ಒಂದು’ ಹೊರಡುವ ಜಾಗ. ಎರಡು ಸೆಕೆಂಡಿಗೊಮ್ಮೆ ಬಂದೇ ಬರುತ್ತದೆ, ಅದನ್ನು ಯಾರೂ ಕಾಯುವುದಿಲ್ಲ. ಅವರಲ್ಲಿ ಖಾಲಿ, ಎಂದರೆ ತೂಕ ಇಳಿಸುವ ಜಾಗ, ಕೂಡ ಇಲ್ಲ. ನಾವು ಒಂಬತ್ತನೆಯ ಮಾತ್ರೆಗೆ ಬಾಯಾ (ಎಡಗೈಯ ತಬಲಾ) ಬಿಟ್ಟು ಹಗುರಾಗುವಂತೆ ಅವರು ಹಗುರಾಗುವುದಿಲ್ಲ. ಎರಡು ಮತ್ತು ನಾಲ್ಕನೆಯ ಪೆಟ್ಟಿನ ಮೇಲೆ ಸ್ನೇರ್ ಡ್ರಮ್ ಬಡಿದು ಇನ್ನೂ ಬಿಗಿ ಮಾಡುತ್ತಾರೆ.

ಇನ್ನು ಈ ಹಾಡಿನ ಎರಡನೆಯ ಅರ್ಧ. ತಬಲಾ ಸೋಲೋ ಕೇಳಿದವರಿಗೆ ಲೆಹರಾ ಗೊತ್ತು. ಹಾರ್ಮೋನಿಯಂ ಅಥವಾ ಸಾರಂಗಿ ಒಂದು ಆವರ್ತನದ ನುಡಿಯನ್ನು ಅರ್ಧ ಗಂಟೆಯಾದರೂ ಬದಲಿಸದೆ ನುಡಿಸುತ್ತದೆ, ಅದರ ಮೇಲೆ ತಬಲಾ ಆಡುತ್ತದೆ. ಪ್ರಿನ್ಸ್‌ನ ಆ ಮೂರು ನಿಮಿಷದಲ್ಲಿ ಎಲ್ಲ ವಾದ್ಯಗಳೂ ಲೆಹರಾ ನುಡಿಸುತ್ತಿವೆ, ಸೋಲೋ ನುಡಿಸುವವರು ಯಾರೂ ಇಲ್ಲ! ಸೋಲೋ ಜಾಗ ಕುಣಿಯುವವರಿಗೆ ಬಿಟ್ಟದ್ದು ಎಂದು ನನ್ನ ತಿಳಿವಳಿಕೆ.

ಹಳೆಯ ಪೆಟ್ಟಿಗೆ (ಗದಗ)

ಲೆಹರಾದ ಮಾತು ನನಗೆ ಹಿಡಿಸಿತು, ತಮ್ಮಾ. ಲೆಹರಾ ಹಿಡಿಯುವವನ ಕಷ್ಟ ಸೋಲೋ ನುಡಿಸುವವನಿಗೆ ಗೊತ್ತಾಗುವುದಿಲ್ಲ ಎಂಬುದನ್ನೂ ಬರೆದಿಟ್ಟುಕೋ.

ಸುರುಳಿ ಟೇಪು (ಕೇಶ್ವಾಪುರ, ಹುಬ್ಬಳ್ಳಿ)

ಧ್ವನಿಮುದ್ರಣದಲ್ಲಿ ಕೆಲಸ ಮಾಡಿದವನಾಗಿ ಎರಡು ಸಂಗತಿ ಸೇರಿಸುತ್ತೇನೆ. ‘ಒಬ್ಬನೇ ಎಲ್ಲವನ್ನೂ ನುಡಿಸಿದ’ ಎನ್ನುವುದನ್ನು ಕೇಳಿದವರು ಜಾತ್ರೆಯಲ್ಲಿ ಬೆನ್ನಿಗೆ ಡೋಲು, ಬಾಯಿಗೆ ಪೀಪಿ ಕಟ್ಟಿಕೊಂಡವನನ್ನು ನೆನೆಯುತ್ತಾರೆ. ಆಗಿನ ದೊಡ್ಡ ಸ್ಟುಡಿಯೋಗಳಲ್ಲಿ ಎರಡು ಇಂಚು ಅಗಲದ ಟೇಪಿನ ಮೇಲೆ 24 ಸಾಲುಗಳನ್ನು ಬೇರೆ ಬೇರೆಯಾಗಿ ಮುದ್ರಿಸಬಹುದಾಗಿತ್ತು. ಒಂದು ಸಾಲಿನಲ್ಲಿ ಹಿಡಿದದ್ದನ್ನು ಕಿವಿಗೆ ಹಚ್ಚಿಕೊಂಡು ಇನ್ನೊಂದು ಸಾಲಿನಲ್ಲಿ ಮತ್ತೊಂದು ವಾದ್ಯ ನುಡಿಸುವುದು. ಡ್ರಮ್ಸ್‌ನಿಂದ ಶುರು ಮಾಡುವವನಿಗೆ ಆಗ ಕಿವಿಯಲ್ಲಿ ಏನೂ ಇರುವುದಿಲ್ಲ. ಇಡೀ ಹಾಡನ್ನು ತಲೆಯಲ್ಲಿ ಓಡಿಸುತ್ತಾ ಬಡಿಯಬೇಕು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಇನ್ನೂ ಹುಟ್ಟದ ಗಿಟಾರಿಗಾಗಿ ನಿರ್ಧಾರವಾಗಬೇಕು. ಹೀಗಾಗಿ ಅಜ್ಜಾವರು ಹೇಳಿದ ಅಂಜಿಕೆ ಅಲ್ಲಿಯೂ ಉಂಟು, ಆದರೆ ಅದು ಬೇರೆ ಜಾತಿಯದು.

ಎರಡನೆಯದು ‘ಏನು ಬದಲಾಯಿತು’ ಎಂಬ ಪ್ರಶ್ನೆಗೆ. 1977ರಲ್ಲಿ ಧ್ವನಿಮುದ್ರಿಕೆಗಳ ವಾರ್ನರ್ ಕಂಪನಿ ಪ್ರಿನ್ಸ್‌ನೊಂದಿಗೆ ಒಪ್ಪಂದ ಮಾಡಿಕೊಂಡಾಗ ಅನುಭವಸ್ಥ ನಿರ್ಮಾಪಕರೊಬ್ಬರನ್ನು ಜೊತೆಗೆ ಹಾಕಲು ನೋಡಿತು. ‘ಅರ್ಥ್, ವಿಂಡ್ ಅಂಡ್ ಫೈರ್’ ತಂಡದ ಮಾರಿಸ್ ವೈಟ್ ಅವರ ಹೆಸರೂ ಬಂದಿತ್ತು. ಹುಡುಗ ಒಪ್ಪಲಿಲ್ಲ. 1978ರ ಮೊದಲ ಆಲ್ಬಮ್ಮಿನಲ್ಲಿ ಅವನು ನುಡಿಸಿದ ವಾದ್ಯಗಳ ಪಟ್ಟಿಯಲ್ಲಿಯೇ 27 ಹೆಸರು. ಪದರದ ಮೇಲೆ ಪದರ, ಕಂಠದ ಮೇಲೆ ಕಂಠ. ಮೂರು ಆಲ್ಬಮ್ಮಿಗೆಂದು ಇಟ್ಟ ದುಡ್ಡಿನ ಬಹುಪಾಲು ಅದಕ್ಕೇ ಕರಗಿತು, ಹಾಡುಗಳು ಮಾತ್ರ ಉಸಿರಾಡಲಿಲ್ಲ. ಈ ಹಾಡಿರುವ ಎರಡನೆಯ ಆಲ್ಬಮ್ಮನ್ನು ಕ್ಯಾಲಿಫೋರ್ನಿಯಾದಲ್ಲಿ ಕೆಲವೇ ವಾರಗಳಲ್ಲಿ ಮುಗಿಸಿದ. ನನ್ನ ಕಿವಿಗೆ ಈ ಹಾಡಿನ ಗುಣವೆಂದರೆ ಅದರಲ್ಲಿ ಬಿಟ್ಟಿರುವ ಜಾಗ. ಮೊದಲನೆಯದರಲ್ಲಿ ಅವನು ತನಗೆ ಬರುವುದನ್ನೆಲ್ಲ ತೋರಿಸಿದ. ಎರಡನೆಯದರಲ್ಲಿ ಕೈ ಕಟ್ಟಿಕೊಂಡ.

ಇನ್ನೊಂದು ಗಮನಿಸಿ: ಅಂದಿನ ಫಂಕ್ ತಂಡಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಗುಂಪು ಕಡ್ಡಾಯ ಎಂಬಂತಿತ್ತು. ಇವನು ಆ ಜಾಗಕ್ಕೆ ಸಿಂಥಸೈಜರ್ ತಂದ. ಮುಂದೆ ಅವನ ಊರಿನ ಹೆಸರಿನಿಂದ ‘ಮಿನಿಯಾಪೊಲಿಸ್ ಸೌಂಡ್’ ಎಂದು ಕರೆಸಿಕೊಂಡದ್ದಕ್ಕೆ ಬೀಜ ಇಲ್ಲಿದೆ.

ಆರ್ಕೆಸ್ಟ್ರಾ ಬೇಸ್ (ಹಾವೇರಿ)

ಗಣಪತಿ ಹಬ್ಬದ ಹದಿನೈದು ದಿನ ನಿದ್ದೆಗೆಟ್ಟು ಬೇಸ್ ಗಿಟಾರ್ ನುಡಿಸುವವನ ಒಂದು ಮಾತನ್ನೂ ಕೇಳಿರಿ. ಸ್ಟುಡಿಯೋದಲ್ಲಿ ಒಬ್ಬನೇ ಮಾಡಿದ್ದನ್ನು ವೇದಿಕೆಯ ಮೇಲೆ ಮಾಡಲು ಪ್ರಿನ್ಸ್‌ಗೂ ಐದು ಜನ ಬೇಕಾದರು: ಬೇಸ್‌ಗೆ ಬಾಲ್ಯದ ಗೆಳೆಯ ಆಂದ್ರೇ ಸೈಮೋನ್, ಇನ್ನೊಂದು ಗಿಟಾರ್, ಡ್ರಮ್ಸ್, ಎರಡು ಕೀಬೋರ್ಡ್. ಇದೇ ಹಾಡು ಬರುವ ಏಳೆಂಟು ತಿಂಗಳು ಮುಂಚೆ, 1979ರ ಜನವರಿಯಲ್ಲಿ, ತನ್ನ ಊರಿನ ಕ್ಯಾಪ್ರಿ ಥಿಯೇಟರಿನಲ್ಲಿ ಈ ತಂಡದೊಂದಿಗೆ ಅವನು ಕಾರ್ಯಕ್ರಮ ಕೊಟ್ಟಾಗ, ನೋಡಲು ಬಂದಿದ್ದ ಕಂಪನಿಯವರು ‘ಇನ್ನೂ ಪಕ್ವವಾಗಿಲ್ಲ’ ಎಂದು ಪ್ರವಾಸಕ್ಕೆ ಒಪ್ಪಲಿಲ್ಲ. ಹಾಡು ಏರಿದ ಮೇಲೆ, 1980ರ ಮೊದಲ ತಿಂಗಳುಗಳಲ್ಲಿ, ಫಂಕ್ ಗಾಯಕ ರಿಕ್ ಜೇಮ್ಸ್‌ನ ಪ್ರವಾಸದಲ್ಲಿ ಮೊದಲು ನುಡಿಸುವ ತಂಡವಾಗಿ ಹೋದರು. ಪದರಪದರವಾಗಿ ಅಂಟಿಸಿದ್ದು ನೆಲದ ಮೇಲೆ ನಿಲ್ಲಬೇಕಾದರೆ ಜನ ಬೇಕು ಎಂಬ ಅಜ್ಜಾವರ ಮಾತಿಗೆ ನಾನು ಕೈ ಎತ್ತುತ್ತೇನೆ.

ಉಳಿದಂತೆ, ನಮ್ಮ ಕಡೆಯ ಜನಪದ ಹಾಡುಗಳ ಹೊಸ ಮುದ್ರಿಕೆಗಳಲ್ಲಿಯೂ ಈಗ ಒಬ್ಬನೇ ಕೀಬೋರ್ಡಿನವ ದಿಮ್ಮು, ತಾಳ, ಬೇಸ್, ಪೀಪಿ ಎಲ್ಲವನ್ನೂ ಒತ್ತಿ ಕೊಡುತ್ತಾನೆ. ಅದರಲ್ಲಿ ನಮ್ಮಂಥವರ ಹೊಟ್ಟೆಯ ಮೇಲೆ ಏಟು ಬಿದ್ದಿದೆ ಎಂಬುದನ್ನೂ ಹೇಳದೆ ಇರಲಾರೆ.

ಸಾಧನಕೇರಿಯ ಓದುಗಿ (ಧಾರವಾಡ)

ಎಲ್ಲರೂ ವಾದ್ಯದ ಮಾತನ್ನೇ ಆಡುತ್ತಿದ್ದೀರಿ. ಕಂಠದ ಬಗ್ಗೆ ಯಾರೂ ಬರೆಯಲಿಲ್ಲ. ಇಡೀ ಹಾಡನ್ನು ಅವನು ನಾವು ಕಳ್ಳದನಿ ಎನ್ನುವ ತೆಳು ಮೇಲುದನಿಯಲ್ಲಿ ಹಾಡಿದ್ದಾನೆ. ಹೇಳುವ ಮಾತಾದರೂ ಏನು? ನನ್ನಲ್ಲಿ ದುಡ್ಡಿಲ್ಲ, ಆದರೂ ನಿನ್ನ ಪ್ರಿಯನಾಗಬೇಕು, ಅಷ್ಟೇ ಅಲ್ಲ, ನಿನ್ನ ತಾಯಿ, ನಿನ್ನ ಅಕ್ಕತಂಗಿಯ ಜಾಗವನ್ನೂ ತುಂಬಬೇಕು ಎನ್ನುವ ಧಾಟಿ. ಗಂಡಸಿನ ಜಂಬದ ಹಾಡುಗಳೇ ತುಂಬಿದ್ದ ಆ ಕಾಲದ ಫಂಕ್‌ನಲ್ಲಿ ಇದು ಬೇರೆಯಾಗಿ ಕೇಳಿಸಿತು. ಹುಡುಗನ ಪೋಲಿತನವೂ ಪದಗಳ ಮರೆಯಲ್ಲಿ ಸಾಕಷ್ಟಿದೆ. ಪೂರ್ತಿ ಸಾಧುವೆಂದು ನಾನು ಹೇಳುತ್ತಿಲ್ಲ.

ನಮ್ಮ ಸೀಮೆಯವರಿಗೆ ಈ ದನಿ ಪರಕೀಯವಾಗಬೇಕಿಲ್ಲ. ಕುಂದಗೋಳದ ಸವಾಯಿ ಗಂಧರ್ವರು ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರ ಕಂಠ ಗಂಟಲಿನ ಚಿಕಿತ್ಸೆಯ ನಂತರ ಗಡುಸಾಗಿ, ಕಾಣದೆ ಕೇಳಿದವರು ಗಂಡುದನಿ ಎಂದುಕೊಳ್ಳುವಂತಾಯಿತು. ಹೆಣ್ಣು ಯಾವುದು, ಗಂಡು ಯಾವುದು ಎಂದು ಕೇಳದೆ ನಾವು ಸ್ವರ ಕೇಳಿದ್ದೇವೆ. ಇನ್ನೂ ಹಿಂದಕ್ಕೆ ಹೋದರೆ ಶರಣಸತಿ, ಲಿಂಗಪತಿ ಎಂಬ ಭಾವವೂ ಇದೆ.

ತಿರಕಿಟ (ಸಪ್ತಾಪುರ, ಧಾರವಾಡ)

ಅಕ್ಕಾವರೇ, ಕುಂದಗೋಳದವರೆಗೆ ನಾನು ನಿಮ್ಮ ಬೆನ್ನ ಹಿಂದೆ ಬರುತ್ತೇನೆ. ಶರಣಸತಿ ಭಾವದವರೆಗೆ ಬರುವುದು ಕಷ್ಟ. ಅಲ್ಲಿ ಭಕ್ತ ತನ್ನನ್ನು ಹೆಣ್ಣಾಗಿ ಕಾಣುತ್ತಾನೆ, ಬೇಡುವುದು ಐಕ್ಯವನ್ನು. ಇಲ್ಲಿ ಹುಡುಗ ಹುಡುಗನಾಗಿಯೇ ಉಳಿದು ಬೇಡುವುದೇನೆಂಬುದು ನಮಗೆಲ್ಲರಿಗೂ ತಿಳಿದದ್ದೇ.

ಸಾಧನಕೇರಿಯ ಓದುಗಿ (ಧಾರವಾಡ)

ಒಪ್ಪಿದೆ. ಆ ಒಂದು ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇನೆ. ಉಳಿದದ್ದು ಹಾಗೆಯೇ ಇರಲಿ.

ಗಾಂಧಾರಿ ತಟ್ಟೆ (ಗದಗ)

ನಾನು ಗ್ರಾಮೊಫೋನ್ ತಟ್ಟೆಗಳನ್ನು ಕೂಡಿಸುವವನು. ಹೀಗಾಗಿ ಮಾಸ್ತರರ ಮೊದಲ ಪ್ರಶ್ನೆಗೆ, ಎಂದರೆ ಯಾವುದು ಖರೇ ಹಾಡು ಎಂಬುದಕ್ಕೆ, ಮರಳುತ್ತೇನೆ.

ಈ ಮೂರು ನಿಮಿಷದ ಕಟ್ಟಳೆ ಸಂಗೀತದ್ದಲ್ಲ, ತಟ್ಟೆಯದು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಮೂರು ಚಿಲ್ಲರೆ ನಿಮಿಷ. ಗಂಗೂಬಾಯಿಯವರ ಮೊದಲ ತಟ್ಟೆಗಳು 1930ರ ದಶಕದಲ್ಲಿ ಎಚ್‌ಎಂವಿಯಿಂದ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಒಂದು ತಾಸು ಹಾಡುವ ರಾಗವನ್ನು ಅಷ್ಟರೊಳಗೆ ಹೇಳಿ ಮುಗಿಸುವಾಗ ಆಲಾಪ ಹೋಗುತ್ತದೆ, ವಿಲಂಬಿತ ಹೋಗುತ್ತದೆ. ಬಂದಿಶ್‌ನ ಮುಖಡಾ (ಹಾಡಿನ ಮೊದಲ ಸಾಲು) ಮತ್ತು ನಾಲ್ಕು ತಾನ ಉಳಿಯುತ್ತವೆ. ಹಾಗೆಂದು ಆ ತಟ್ಟೆಗಳನ್ನು ಸುಳ್ಳೆನ್ನಲಾದೀತೇ? ಧಾರವಾಡದ ಬೈಠಕ್ಕಿಗೆ ಎಂದೂ ಕಾಲಿಡದವರ ಮನೆಗೆ ಆ ದನಿ ಹೋದದ್ದು ತಟ್ಟೆಯ ಮೂಲಕವೇ.

ಅಮೆರಿಕದಲ್ಲಿ 45 ಸುತ್ತಿನ ಸಣ್ಣ ತಟ್ಟೆ ಬಂದ ಮೇಲೂ ರೇಡಿಯೋದವರ ರೂಢಿ ಮೂರು ನಿಮಿಷದ್ದೇ ಆಗಿ ಉಳಿಯಿತು. ಅದಕ್ಕಾಗಿ ಪ್ರಿನ್ಸ್‌ನ ಹಾಡು ಸರಿಯಾಗಿ ಕಂಠ ನಿಲ್ಲುವ ಹೊತ್ತಿಗೆ ಕತ್ತರಿಗೆ ಸಿಕ್ಕಿತು. ನನಗೆ ತೋರುವುದೇನೆಂದರೆ, ಅವನು ಕತ್ತರಿ ಬೀಳುವ ಜಾಗವನ್ನು ತಾನೇ ಮೊದಲೇ ತೋರಿಸಿಟ್ಟಿದ್ದಾನೆ. ಮೊದಲರ್ಧ ರೇಡಿಯೋಗೆ, ಉಳಿದರ್ಧ ತನಗೆ. ಸಂಗೀತಗಾರನನ್ನು ಹುಡುಕುವವರು ಉಳಿದರ್ಧ ಕೇಳಬೇಕು.

ಪಟ್ಟಿಗಳ ಬಗ್ಗೆಯೂ ಒಂದು ಮಾತು. ಒಂದರಲ್ಲಿ ಮೊದಲನೆಯದು, ಇನ್ನೊಂದರಲ್ಲಿ ಹನ್ನೊಂದನೆಯದು ಎಂದರೆ ಓದುವವರಿಗೆ ಗೊಂದಲವಾಗುತ್ತದೆ. ‘ಸೋಲ್’ ಪಟ್ಟಿ ಎಂದರೆ ಮುಖ್ಯವಾಗಿ ಕಪ್ಪು ಜನರ ರೇಡಿಯೋ ಕೇಂದ್ರಗಳ ಮತ್ತು ಅಂಗಡಿಗಳ ಲೆಕ್ಕ. ಅಲ್ಲಿ ಗೆದ್ದವರೆಲ್ಲ ಬಿಳಿಯರ ರೇಡಿಯೋಗೆ ಹೋಗುತ್ತಿರಲಿಲ್ಲ. ಅದೂ 1979ರ ಜುಲೈಯಲ್ಲಿ ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಮದ್ದಿನಿಂದ ಹಾರಿಸಿದ ವರ್ಷ. ಕುಣಿತದ ಸಂಗೀತಕ್ಕೆ ರೇಡಿಯೋ ಬಾಗಿಲು ಮುಚ್ಚತೊಡಗಿದ್ದ ಹೊತ್ತು. ಅಂಥ ಹೊತ್ತಿನಲ್ಲಿ 11ನೆಯ ಸ್ಥಾನ ಎಂದರೆ ಗೋಡೆ ಹಾರಿದಂತೆ.

ಸುರುಳಿ ಟೇಪು (ಕೇಶ್ವಾಪುರ, ಹುಬ್ಬಳ್ಳಿ)

ಅದೇ ಆಲ್ಬಮ್ಮಿನ ಇನ್ನೊಂದು ಹಾಡು ‘ಐ ಫೀಲ್ ಫಾರ್ ಯು’ ಅಂದು ಮೂಲೆಯಲ್ಲಿ ಕುಳಿತಿತ್ತು. 1984ರಲ್ಲಿ ಗಾಯಕಿ ಚಾಕಾ ಖಾನ್ ಹಾಡಿದಾಗ ಅದು ಮುಖ್ಯ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಹೋಗಿ, ಬರೆದವನಾಗಿ ಪ್ರಿನ್ಸ್‌ಗೆ ಗ್ರ್ಯಾಮಿ ಪ್ರಶಸ್ತಿ ತಂದಿತು. ಹಿಟ್ ಯಾವುದಾಗುತ್ತದೆಂದು ಮಾಡುವವರಿಗೂ ತಿಳಿಯುವುದಿಲ್ಲ ಎಂದು ನಾನು ಸ್ಟುಡಿಯೋಗೆ ಬರುವ ಹುಡುಗರಿಗೆ ಹೇಳುವಾಗ ಈ ಉದಾಹರಣೆ ಕೊಡುತ್ತೇನೆ. ಅವರು ನಂಬುವುದಿಲ್ಲ.

ಕರಿಯ ಕಂಬಳಿ (ಹಾವೇರಿ ಜಿಲ್ಲೆ)

ನಾನು ಜನಪದ ಧಾಟಿಯ ಹಾಡು ಬರೆದು ಹಾಡುವವನು, ವಯಸ್ಸು 23. ಮೂರು ವರ್ಷದ ಹಿಂದೆ ನನ್ನದೂ ಒಂದು ಹಾಡು ಓಡಿತು; ಪ್ರಿನ್ಸ್‌ನಷ್ಟು ಅಲ್ಲ, ನಮ್ಮ ಮೂರು ಜಿಲ್ಲೆಗಳ ಮದುವೆ ಮೆರವಣಿಗೆಗಳಲ್ಲಿ ಬಾರಿಸುವಷ್ಟು. ಮುದ್ರಿಸಿ ಯೂಟ್ಯೂಬಿಗೆ ಏರಿಸಿಕೊಟ್ಟವರು ಒಂದು ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು ಒಂದೇ ಸಲ ಕೈಗೆ ದುಡ್ಡು ಕೊಟ್ಟರು. ಹಾಳೆಯ ಪ್ರತಿಯನ್ನು ಕೇಳಬೇಕೆಂಬ ಬುದ್ಧಿಯೂ ನನಗಿರಲಿಲ್ಲ. ಈಗ ನನ್ನ ಹಾಡನ್ನು ನಾನೇ ನನ್ನ ಚಾನೆಲ್ಲಿಗೆ ಹಾಕಿದರೆ ಹಕ್ಕಿನ ತಕರಾರು ಬಂದು ತೆಗೆದುಹಾಕುತ್ತಾರೆ. ಈ ಪ್ರಿನ್ಸ್ ಎಲ್ಲವನ್ನೂ ತಾನೇ ನುಡಿಸಿದ್ದನಲ್ಲ, ಅವನ ಹಾಡು ಅವನದೇ ಆಗಿತ್ತೇ?

ಗಾಂಧಾರಿ ತಟ್ಟೆ (ಗದಗ)

ಇಲ್ಲ, ತಮ್ಮಾ. ಹಾಡಿನ ರಚನೆಯ ಹಕ್ಕು ಒಂದು, ಮುದ್ರಿಕೆಯ ಹಕ್ಕು ಇನ್ನೊಂದು. ಬರೆದವನು ನೀನಾದರೂ ಮೂಲ ಮುದ್ರಿಕೆ, ಅಂದರೆ ಮಾಸ್ಟರ್, ದುಡ್ಡು ಹಾಕಿದ ಕಂಪನಿಯದಾಗಿರಬಹುದು. ಅವನದೂ ಹಾಗೆಯೇ ಆಯಿತು. ಹತ್ತೊಂಬತ್ತರ ಆಸುಪಾಸಿನಲ್ಲಿ ಹಾಕಿದ ಸಹಿಯ ಮೇಲೆ ಶುರುವಾದ ಸಂಬಂಧ ಹುಳಿಯಾಗಿ, 1993ರಲ್ಲಿ ತನ್ನ ಹೆಸರನ್ನೇ ಬಿಟ್ಟು ಉಚ್ಚರಿಸಲು ಬಾರದ ಒಂದು ಚಿಹ್ನೆಯನ್ನು ಹೆಸರಾಗಿಟ್ಟುಕೊಂಡ. ಕೆನ್ನೆಯ ಮೇಲೆ ‘ಗುಲಾಮ’ ಎಂಬರ್ಥದ ಪದ ಬರೆದುಕೊಂಡು ವೇದಿಕೆಗೆ ಬಂದ. ಹಳೆಯ ಮಾಸ್ಟರ್‌ಗಳ ಒಡೆತನ ಅವನ ಕೈಗೆ ಮರಳಿದ್ದು 2014ರಲ್ಲಿ, ಈ ಹಾಡು ಬಂದ 35 ವರ್ಷಗಳ ಮೇಲೆ. 2016ರ ಏಪ್ರಿಲ್‌ನಲ್ಲಿ ಅವನೇ ತೀರಿಕೊಂಡ. ನೀನು ಮೊದಲು ಆ ಹಾಳೆಯ ಪ್ರತಿಯನ್ನು ಬರಹದಲ್ಲಿ ಕೇಳು. ಹಾಡಿನ ಸಾಹಿತ್ಯ ಮತ್ತು ಧಾಟಿಯ ಹಕ್ಕನ್ನೂ ಬರೆದುಕೊಟ್ಟಿದ್ದೀಯಾ, ಮುದ್ರಿಕೆಯದಷ್ಟನ್ನೇ ಕೊಟ್ಟಿದ್ದೀಯಾ ಎಂಬುದು ತಿಳಿಯದೆ ಮುಂದಿನ ಹೆಜ್ಜೆ ಇಡಲಾಗುವುದಿಲ್ಲ. ಸಾಹಿತ್ಯ ನಿನ್ನಲ್ಲಿಯೇ ಉಳಿದಿದ್ದರೆ ಅದೇ ಹಾಡನ್ನು ಹೊಸದಾಗಿ ಮುದ್ರಿಸುವ ದಾರಿ ಇದ್ದೀತು, ವಕೀಲರಿಗೆ ತೋರಿಸು.

ಗಿಟಾರ್ ಮಾಸ್ತರ (ವಿದ್ಯಾನಗರ, ಹುಬ್ಬಳ್ಳಿ)

ಇಷ್ಟು ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ಆ ಹುಡುಗನಿಗೆ ಓದಿ ಹೇಳಿದೆ. ಅವನಿಗೆ ಹಿಡಿಸಿದ್ದು ಒಂದೇ ಒಂದು: 1980ರ ಜನವರಿಯಲ್ಲಿ ಪ್ರಿನ್ಸ್ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ಟಿವಿ ಕಾರ್ಯಕ್ರಮಕ್ಕೆ ಬಂದಾಗ ನಿರೂಪಕರ ಪ್ರಶ್ನೆಗೆ ಬಾಯಿ ಬಿಡದೆ ನಾಲ್ಕು ಬೆರಳು ಎತ್ತಿ ತೋರಿಸಿದ್ದು. ಈಗ ನಾನು ಏನು ಕೇಳಿದರೂ ಬೆರಳು ತೋರಿಸುತ್ತಿದ್ದಾನೆ.

ಆದರೆ ಅವನೊಂದು ಪ್ರಯೋಗವನ್ನೂ ಮಾಡಿದ. ಅವನಿಗೆ ತಬಲಾದ ಮೊದಲ ಪಾಠಗಳು ಬರುತ್ತವೆ, ಕೀಬೋರ್ಡೂ ಬರುತ್ತದೆ. ಲೆಹರಾದ ಮಾತು ಕೇಳಿ, ಫೋನಿನಲ್ಲಿ ತಾನೇ ಲೆಹರಾ ನುಡಿಸಿ ಮುದ್ರಿಸಿ, ಅದರ ಮೇಲೆ ತಾನೇ ತೀನ್‌ತಾಲದ ಠೇಕಾ (ತಾಳದ ಮೂಲ ನಡೆ) ಬಾರಿಸಿದ. ಮೂರನೆಯ ಆವರ್ತನಕ್ಕೆ ಎರಡೂ ಬೇರೆಯಾದವು. ಲೆಹರಾ ಸಣ್ಣಗೆ ಓಡಿತ್ತು. ನುಡಿಸುವಾಗ ಅವನಿಗೇ ತಿಳಿದಿರಲಿಲ್ಲ. “ಸರ್, ನನ್ನ ಜೊತೆ ನನಗೇ ಹೊಂದಲಿಲ್ಲ” ಎಂದ. ಎರಡನೆಯ ದಿನ ಠೇಕಾ ಮೊದಲು ಮುದ್ರಿಸಿ ಲೆಹರಾ ಆಮೇಲೆ ನುಡಿಸಿದ್ದಾನೆ. ಈಗ ಎಂಟು ಆವರ್ತನ ನಿಲ್ಲುತ್ತದೆ.

ಹಳೆಯ ಪೆಟ್ಟಿಗೆ (ಗದಗ)

ಮಾಸ್ತರರೇ, ತಬಲಾ ಬಿಟ್ಟು ಆ ಲೆಹರಾ ಒಂದನ್ನೇ ನನಗೆ ಕಳಿಸಿರಿ. ಎಲ್ಲಿ ಓಡುತ್ತಿದ್ದಾನೆ ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಹದಿಮೂರನೆಯ ಮಾತ್ರೆಯ ಮೇಲೆ, ಸಮ್ ಹತ್ತಿರ ಬಂತೆಂಬ ಆಸೆಗೆ ಓಡುತ್ತಾರೆ. ಬರುವ ರವಿವಾರ ಮೊಮ್ಮಗಳ ಮನೆಗೆಂದು ಹುಬ್ಬಳ್ಳಿಗೆ ಬರುವವನಿದ್ದೇನೆ, ಪೆಟ್ಟಿಗೆಯನ್ನೂ ತರುತ್ತೇನೆ. ಹುಡುಗ ಠೇಕಾ ಹಿಡಿಯಲಿ, ಪ್ರಿನ್ಸ್‌ನ ಆ ಉಳಿದರ್ಧದ ನುಡಿಯನ್ನು ನಾನು ಹಾರ್ಮೋನಿಯಂ ಮೇಲೆ ನುಡಿಸಿ ನೋಡುತ್ತೇನೆ. ಅದರ ಸ್ವರಗಳನ್ನು ಯಾರಾದರೂ ಸರಿಗಮದಲ್ಲಿ ಬರೆದು ಕಳಿಸಿದರೆ ಉಪಕಾರವಾಗುತ್ತದೆ. ಬೇಸಿನ ಸದ್ದಿನಲ್ಲಿ ನನ್ನ ಕಿವಿಗೆ ಎರಡು ಸ್ವರ ತಪ್ಪುತ್ತಿವೆ.

ಆರ್ಕೆಸ್ಟ್ರಾ ಬೇಸ್ (ಹಾವೇರಿ)

ಬೇಸಿನದನ್ನು ನಾನು ಬರೆದು ಕಳಿಸುತ್ತೇನೆ, ಅಜ್ಜಾವರೇ. ರವಿವಾರ ಕಾರ್ಯಕ್ರಮವಿಲ್ಲ, ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ.